ಪಾರ್ಸೆಲ್ ದಾರಿಯಲ್ಲೇ ಕೂತಾಗ: ಇಳಕಲ್ಲಿನಿಂದ ಸೀರೆ ಕಳಿಸುವವರ ಅನುಭವದ ಮಾರ್ಗದರ್ಶಿ

ವಿಜಯಪುರದ ಕಡೆಯವರು, ಈಗ ಪುಣೆಯಲ್ಲಿ ಮನೆ ಮಾಡಿಕೊಂಡಿರುವ ಗ್ರಾಹಕರೊಬ್ಬರು ಮಗಳ ಕುಬಸಕ್ಕೆ (ಸೀಮಂತಕ್ಕೆ) ಹಸಿರು ಇಳಕಲ್ ಸೀರೆ ಬೇಕೆಂದು ಇನ್‌ಸ್ಟಾಗ್ರಾಂನಲ್ಲಿ ಕೇಳಿದ್ದರು. ಗೋಮಿ ದಡಿ, ಕೆಂಪು ಸೆರಗು, ಜೊತೆಗೆ ರವಿಕೆಗೆ ಗುಳೇದಗುಡ್ಡದ ಖಣ. ಬೆಲೆ 2,400 ರೂಪಾಯಿ, ಸೀರೆ ಕೈಗೆ ಬಂದ ಮೇಲೆ ಹಣ. ಮರುದಿನವೇ ಕಟ್ಟಿ ಕಳಿಸಿದೆ. ಸೀರೆ ನಡುದಾರಿಯ ಗೋದಾಮೊಂದರಲ್ಲಿ ಐದು ದಿನ ಕೂತಿತು. ಅವರ ಮನೆ ಬಾಗಿಲಿಗೆ ಹೋದ ದಿನ ಫೋನ್ ಬಂತು: "ಅಕ್ಕಾರ, ಕುಬಸ ನಿನ್ನೇನ ಮುಗೀತ್ರಿ. ಈಗ ಈ ಸೀರಿ ತಗೊಂಡ್ ಏನ್ ಮಾಡ್ಲಿ?"

ಉತ್ತರ ಇರಲಿಲ್ಲ. ಸೀರೆ ನನ್ನ ಕೈಗೆ ಮರಳಿದ್ದು ಕಳಿಸಿದ 19ನೇ ದಿನಕ್ಕೆ, ಪೊಟ್ಟಣದ ಒಂದು ಮೂಲೆ ಒದ್ದೆಯಾಗಿ. ಲೆಕ್ಕ ಹಾಕಿದೆ. ಹೋಗುವ ಖರ್ಚು 95, ಬರುವ ಖರ್ಚು 95, ಪ್ಯಾಕಿಂಗ್ 30, ಮತ್ತೆ ಇಸ್ತ್ರಿ ಮಾಡಿಸಿ ಘಡಿ ಹಾಕಿಸಲು 60. ಒಟ್ಟು 280 ರೂಪಾಯಿ ಕೈಬಿಟ್ಟಿತು. ಸೀರೆ ಮಾರಾಟವಾಗಿದ್ದರೆ ಉಳಿಯುತ್ತಿದ್ದದ್ದು 375. ಅಂದರೆ ಮುಂದೆ ಮಾರುವ ಇನ್ನೊಂದು ಸೀರೆಯ ಲಾಭದಲ್ಲಿ ಮುಕ್ಕಾಲು ಪಾಲು ಈ ಒಂದರ ಗುಂಡಿ ತುಂಬಲಿಕ್ಕೇ ಬೇಕು. ಸೀರೆಯಲ್ಲಿ ಹಾಕಿದ್ದ 1,900 ರೂಪಾಯಿ ಮೂರು ವಾರ ಸತ್ತಂತೆ ಬಿದ್ದಿತ್ತು, ಅದು ಬೇರೆ.

ಆಗ ಕೊರಿಯರ್‌ನವರ ಮೇಲೆ ಸಿಟ್ಟು ಬಂದಿತ್ತು. ಆಮೇಲೆ ವಾಟ್ಸಾಪ್ ಮಾತುಕತೆ ಮತ್ತೆ ಓದಿದಾಗ ಕಂಡದ್ದು, "ಕುಬಸ ಯಾವತ್ತು?" ಎಂದು ನಾನು ಒಂದು ಸಲವೂ ಕೇಳಿರಲಿಲ್ಲ. "ನಾಲ್ಕು ದಿನದಾಗ ಬರ್ತದ್ರಿ" ಎಂದು ಮಾತ್ರ ಬರೆದಿದ್ದೆ. ಆ ನಾಲ್ಕು ದಿನ ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ.

ಕೆಳಗಿರುವುದೆಲ್ಲ ಆ ಸೀರೆಯ ನಂತರ ನಾನು ರೂಢಿ ಮಾಡಿಕೊಂಡ ಕ್ರಮ. ಸೀರೆ, ಖಣದವರಿಗೆ ನೇರವಾಗಿ ಹೊಂದುತ್ತದೆ. ಅಮೀನಗಡ, ಗೋಕಾಕದ ಕರದಂಟು, ವಿಜಯಪುರದ ಖಡಕ್ ರೊಟ್ಟಿ, ಬೆಳಗಾವಿಯ ಕುಂದಾ ಮಾರುವವರು ಅಲ್ಲಲ್ಲಿ ಬದಲಿಸಿಕೊಳ್ಳಬೇಕು.

1. ತಡ ಯಾವ ತುಂಡಿನಲ್ಲಿ ಆಗುತ್ತಿದೆ, ಮೊದಲು ಹಿಡಿಯಿರಿ

"ಕೊರಿಯರ್ ತಡ ಮಾಡ್ತಾರ" ಎನ್ನುವುದು ಬೈಗುಳ, ಮಾಹಿತಿ ಅಲ್ಲ. ಆರ್ಡರ್ ಬಂದ ಗಳಿಗೆಯಿಂದ ಗ್ರಾಹಕರ ಕೈ ಸೇರುವ ತನಕದ ದಾರಿಯನ್ನು ನಾಲ್ಕು ತುಂಡು ಮಾಡಿ. ಆರ್ಡರ್‌ನಿಂದ ಪ್ಯಾಕ್ ಆಗುವವರೆಗೆ ಒಂದು. ಪ್ಯಾಕ್ ಆಗಿ ಪಿಕಪ್ ಆಗುವವರೆಗೆ ಎರಡು. ಇಲ್ಲಿಂದ ಗ್ರಾಹಕರ ಊರಿನ ಕೇಂದ್ರದವರೆಗೆ ಮೂರು. ಅಲ್ಲಿಂದ ಮನೆ ಬಾಗಿಲಿಗೆ ನಾಲ್ಕು. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಆರ್ಡರಿಗೂ ಅದು ಬಂದ ತಾರೀಖು, ಈ ನಾಲ್ಕೂ ತುಂಡು ಮುಗಿದ ತಾರೀಖು ಬರೆಯಿರಿ. ಮೊಬೈಲಿನ ಆ್ಯಪ್ ಬೇಡ, ಪೆನ್ನು ಸಾಕು. ಒಂದು ತಿಂಗಳು ಬರೆದರೆ ರೋಗ ಎಲ್ಲಿದೆ ಎಂದು ಕಾಣುತ್ತದೆ.

ನನ್ನ ನೋಟ್‌ಬುಕ್ಕು ನನ್ನ ಮುಖಕ್ಕೇ ಹೊಡೆಯಿತು. ತಡವಾದ ಆರ್ಡರುಗಳಲ್ಲಿ ಅರ್ಧದಷ್ಟು ಮೊದಲ ತುಂಡಿನಲ್ಲೇ ತಡವಾಗಿದ್ದವು, ಅಂದರೆ ನನ್ನ ಮನೆಯಲ್ಲೇ. ಕಾರಣ ಸರಳ: ಮಗ್ಗದ ಮೇಲೆ ಇನ್ನೂ ನೇಯುತ್ತಿದ್ದ ಸೀರೆಯ ಫೋಟೊ ಹಾಕಿ ಆರ್ಡರ್ ತೆಗೆದುಕೊಳ್ಳುತ್ತಿದ್ದೆ. ಕೈಮಗ್ಗದ ಇಳಕಲ್ ಸೀರೆ ಹೇಳಿದ ದಿನಕ್ಕೆ ಇಳಿಯುವ ವಸ್ತುವಲ್ಲ. ಒಡಲಿನ ಹಾಸುನೂಲಿಗೆ (ಉದ್ದಕ್ಕೆ ಹಾಸಿದ ಎಳೆಗಳಿಗೆ) ಸೆರಗಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಬೇಕು. ನೇಕಾರರ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ, ಕರೆಂಟು ಹೋದರೆ, ಊರ ಜಾತ್ರೆ ಬಂದರೆ ಎರಡು ದಿನ ಹಿಂದೆ ಬೀಳುತ್ತದೆ. ಈಗ ಘಡಿಯಾಗಿ ಕಪಾಟಿನಲ್ಲಿ ಇರುವುದನ್ನು ಮಾತ್ರ "ಲಭ್ಯ" ಎಂದು ಹಾಕುತ್ತೇನೆ. ಮಗ್ಗದ ಮೇಲಿನದಕ್ಕೆ ಬೇರೆ ಪಟ್ಟಿ, ಬೇರೆ ಮಾತು.

ಎರಡನೇ ತುಂಡಿನ ಮೋಸ ಸೂಕ್ಷ್ಮ. ಲೇಬಲ್ ಮುದ್ರಿಸಿದ ಕೂಡಲೇ ಟ್ರ್ಯಾಕಿಂಗಿನಲ್ಲಿ "ಮ್ಯಾನಿಫೆಸ್ಟೆಡ್" ಎಂದು ಬರುತ್ತದೆ. ಹೊಸಬರು ಸಾಮಾನು ಹೊರಟಿತು ಎಂದುಕೊಳ್ಳುತ್ತಾರೆ. ಹೊರಟಿಲ್ಲ, ಚೀಟಿ ತಯಾರಾಗಿದೆ ಅಷ್ಟೇ. ಸಾಮಾನು ಹೊರಟದ್ದು ಪಿಕಪ್ ಹುಡುಗ ಸ್ಕ್ಯಾನ್ ಮಾಡಿದ ಮೇಲೆ. ನಮ್ಮಂಥ ಊರುಗಳಲ್ಲಿ ಅವನು ಅವಸರದಲ್ಲಿ ಆರು ಪೊಟ್ಟಣ ಚೀಲಕ್ಕೆ ಹಾಕಿಕೊಂಡು, "ಆಫೀಸಿಗೆ ಹೋಗಿ ಸ್ಕ್ಯಾನ್ ಮಾಡ್ತೀನ್ರಿ" ಎಂದು ಹೋಗಿಬಿಡುತ್ತಾನೆ. ಸ್ಕ್ಯಾನ್ ಮರುದಿನ ಮಧ್ಯಾಹ್ನ ಬಿದ್ದರೆ ತಡ ಮಾಡಿದವರು ನೀವೇ ಎಂದು ದಾಖಲೆಯಾಗುತ್ತದೆ. ಆದ್ದರಿಂದ ಬಾಗಿಲಲ್ಲೇ ಸ್ಕ್ಯಾನ್ ಮಾಡಿಸಿ. ಆಗದಿದ್ದರೆ ಪೊಟ್ಟಣಗಳ ಪಟ್ಟಿಯ ಒಂದು ಪ್ರತಿಗೆ ತಾರೀಖು, ವೇಳೆ ಸಮೇತ ಸಹಿ ಹಾಕಿಸಿಕೊಂಡು ಫೋಟೊ ತೆಗೆದಿಡಿ. ಹುಡುಗನ ಜೊತೆ ಜಗಳ ಬೇಡ, ನೀರು ಕೊಟ್ಟು ಸಹಿ ಕೇಳಿ. ನಾಳೆಯೂ ಅವನೇ ಬರಬೇಕು.

2. ಸಣ್ಣವರಿಗೆ ಶೇಕಡಾ ಲೆಕ್ಕ ಹೇಗೆ ಕುತ್ತಿಗೆಗೆ ಬರುತ್ತದೆ

ದೊಡ್ಡ ಮಾರುಕಟ್ಟೆ ತಾಣಗಳಲ್ಲಿ ಮಾರುವವರು ಈ ಲೆಕ್ಕ ಒಮ್ಮೆ ಮಾಡಿ ನೋಡಬೇಕು. ಅಮೆಜಾನ್ ತನ್ನ ಮಾರಾಟಗಾರರಿಗೆ ಇಟ್ಟಿರುವ ಮಿತಿಗಳಲ್ಲಿ ಮೂರು ಮುಖ್ಯ: ತಡವಾಗಿ ರವಾನೆಯಾದ ಆರ್ಡರುಗಳು ಶೇ. 4ಕ್ಕಿಂತ ಕಡಿಮೆ, ಕಳಿಸುವ ಮೊದಲೇ ಮಾರಾಟಗಾರರೇ ರದ್ದು ಮಾಡಿದವು ಶೇ. 2.5ಕ್ಕಿಂತ ಕಡಿಮೆ, ದೋಷವುಳ್ಳ ಆರ್ಡರುಗಳು ಶೇ. 1ಕ್ಕಿಂತ ಕಡಿಮೆ ಇರಬೇಕು. ತಿಂಗಳಿಗೆ 2,000 ಆರ್ಡರ್ ಇರುವ ಸೂರತ್ತಿನ ವ್ಯಾಪಾರಿಗೆ ಶೇ. 4 ಎಂದರೆ 80 ಸೀರೆ ತಡವಾಗುವಷ್ಟು ಜಾಗ. ತಿಂಗಳಿಗೆ 20 ಆರ್ಡರ್ ಇರುವ ನಮಗೆ ಒಂದೇ ಒಂದು ತಡವಾದರೆ ಶೇ. 5. ಮಿತಿ ದಾಟಿಯಾಯಿತು.

ಇದರಿಂದ ಮಾಡಬೇಕಾದದ್ದು ಒಂದೇ. ರವಾನೆಗೆ ಬೇಕಾದ ದಿನಗಳನ್ನು ಸೆಟ್ಟಿಂಗಿನಲ್ಲಿ ಧೈರ್ಯವಾಗಿ ಹೆಚ್ಚು ಹಾಕಿ. "ಒಂದು ದಿನದಲ್ಲಿ ರವಾನೆ" ಎಂದು ಹಾಕಿದರೆ ಪಟ್ಟಿಯಲ್ಲಿ ಮೇಲೆ ಬರುತ್ತೇವೆ ಎಂಬ ಆಸೆ ಎಲ್ಲರಿಗೂ ಇರುತ್ತದೆ. ನನ್ನ ಅಭಿಪ್ರಾಯದಲ್ಲಿ ಕೈಮಗ್ಗದ ಸೀರೆ ಹುಡುಕುವವರು ನಾಳೆಯೇ ಬೇಕು ಎನ್ನುವವರಲ್ಲ. ಮೂರು ದಿನ ಎಂದು ಹಾಕಿ ಎರಡನೇ ದಿನ ಕಳಿಸಿದರೆ ಯಾರೂ ಬೈಯುವುದಿಲ್ಲ. ತಡವಾಗುತ್ತದೆಂದು ಗೊತ್ತಾದ ಕೂಡಲೇ ಗಾಬರಿಯಲ್ಲಿ ಆರ್ಡರನ್ನು ನೀವೇ ರದ್ದು ಮಾಡುವ ಚಾಳಿಯೂ ಬೇಡ. ಅದು ಇನ್ನೊಂದು ಖಾನೆಯಲ್ಲಿ ಹೋಗಿ ಕೂರುತ್ತದೆ, ಅಲ್ಲಿ ಜಾಗ ಇನ್ನೂ ಇಕ್ಕಟ್ಟು.

3. ಗ್ರಾಹಕರ ತಾರೀಖು ಕೇಳಿ, ನಿಮ್ಮ ತಾರೀಖು ಹೇಳಿ

ನೇರವಾಗಿ ಮಾರುವ ಪ್ರತಿ ಆರ್ಡರಿಗೂ ಹಣದ ಮಾತಿಗಿಂತ ಮೊದಲು ಈ ಪ್ರಶ್ನೆ: "ಯಾವ ಕಾರ್ಯಕ್ಕ ಬೇಕಾಗಿತ್ರಿ? ಯಾವ ತಾರೀಖಿನೊಳಗ ಕೈಗೆ ಸಿಗಬೇಕು?" ಉತ್ತರ ಮೂರು ಥರ ಬರುತ್ತದೆ. ಅವಸರ ಇಲ್ಲ ಎನ್ನುವವರು ಹೆಚ್ಚು. ಹಬ್ಬದೊಳಗೆ ಸಿಕ್ಕರೆ ಚಲೋ ಎನ್ನುವವರು ಕೆಲವರು. ಕುಬಸ, ನಿಶ್ಚಿತಾರ್ಥ, ಗೃಹಪ್ರವೇಶದಂಥ ಒಂದೇ ದಿನದ ಕೆಲಸ ಇಟ್ಟುಕೊಂಡವರು ಸ್ವಲ್ಪ ಜನ. ಜೀವ ತಿನ್ನುವುದು ಈ ಮೂರನೆಯವರು, ತಪ್ಪು ಅವರದ್ದಲ್ಲ.

ಮೂರನೆಯವರಿಗೆ ನನ್ನ ನಿಯಮ: ಸಾಮಾನ್ಯವಾಗಿ ಆಗುವ ದಿನಗಳಿಗೆ ಐದು ಸೇರಿಸುತ್ತೇನೆ. ಮಳೆಗಾಲದಲ್ಲಿ ಎಂಟು. ಅಷ್ಟು ದಿನ ಇಲ್ಲದಿದ್ದರೆ ಆರ್ಡರ್ ಬೇಡ ಎನ್ನುತ್ತೇನೆ, ಇಲ್ಲವೇ ಅವರ ಕಡೆಗೆ ಹೋಗುವ ಬಸ್ಸಿಗೆ ಹಾಕುತ್ತೇನೆ. ಬೇಡ ಎಂದಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಆದರೆ ಹಾಗೆ ಬೇಡ ಎಂದವರಲ್ಲಿ ಕೆಲವರು ಮುಂದಿನ ಹಬ್ಬಕ್ಕೆ ಒಂದು ತಿಂಗಳು ಮೊದಲೇ ಕೇಳಿಕೊಂಡು ಬಂದಿದ್ದಾರೆ.

ನೀವು ಹೇಳುವುದು "ನಾಲ್ಕೈದು ದಿನ" ಎಂದಿರಬಾರದು, ತಾರೀಖೇ ಇರಬೇಕು. "ನಾಲ್ಕೈದು ದಿನ" ಎಂಬ ಮಾತಿನಲ್ಲಿ ಗ್ರಾಹಕರಿಗೆ ಕೇಳಿಸುವುದು ನಾಲ್ಕು, ನಮ್ಮ ಮನಸ್ಸಿನಲ್ಲಿ ಇರುವುದು ಐದು, ನಡುವೆ ಭಾನುವಾರ ಬಂದರೆ ಆರು.

4. ಇಲ್ಲಿ ಬಿಸಿಲಿದ್ದರೂ ಹೊಳೆ ಬರುತ್ತದೆ

ಬಾಗಲಕೋಟೆ, ವಿಜಯಪುರ, ಬೆಳಗಾವಿ, ನಮ್ಮ ಈ ಮೂರು ಜಿಲ್ಲೆಗಳವರು ಮಳೆಗಾಲವನ್ನು ಬೇರೆಯವರಂತೆ ಲೆಕ್ಕ ಹಾಕುವ ಹಾಗಿಲ್ಲ. ಇಳಕಲ್ಲಿನಲ್ಲಿ ಒಂದು ಹನಿ ಬೀಳದಿದ್ದಾಗಲೂ ಪಾರ್ಸೆಲ್ ನಿಲ್ಲುತ್ತದೆ. ಯಾಕೆಂದರೆ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಹುಟ್ಟುವುದು ಪಶ್ಚಿಮ ಘಟ್ಟದಲ್ಲಿ. ಮಹಾಬಳೇಶ್ವರದ ಕಡೆ ಮಳೆ ಹಿಡಿದು ಕೊಯ್ನಾ ಜಲಾಶಯದಿಂದ ನೀರು ಬಿಟ್ಟರೆ ಕೃಷ್ಣೆ ಉಕ್ಕುತ್ತಾಳೆ. ಹಿಡಕಲ್‌ನಿಂದ ಬಿಟ್ಟರೆ ಘಟಪ್ರಭೆ, ನವಿಲುತೀರ್ಥದಿಂದ ಬಿಟ್ಟರೆ ಮಲಪ್ರಭೆ. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ಮಲಪ್ರಭೆ ಬಂದದ್ದು ಎಲ್ಲರಿಗೂ ನೆನಪಿದೆ. ಅದೇ ವಾರ ಪುಣೆ-ಬೆಂಗಳೂರು ಹೆದ್ದಾರಿ ಕೊಲ್ಹಾಪುರದ ಹತ್ತಿರ ನೀರಿನಡಿ ಹೋಗಿ ಲಾರಿಗಳು ಸಾಲುಗಟ್ಟಿ ನಿಂತವು. 2021ರ ಜುಲೈಯಲ್ಲಿ ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ವೇದಗಂಗಾ ನದಿ ರಸ್ತೆಗೆ ಬಂದು ಮತ್ತೆ ಅದೇ ಪಾಡು.

ಇದರಿಂದ ಮಾರಾಟಗಾರರಿಗೆ ಒಂದು ಅನುಕೂಲವೂ ಇದೆ. ಹೊಳೆ ಬರುವ ಸುದ್ದಿ ಹೊಳೆಗಿಂತ ಮುಂಚೆ ಬರುತ್ತದೆ. ಜುಲೈ, ಆಗಸ್ಟ್‌ನಲ್ಲಿ ದಿನಪತ್ರಿಕೆಯ ಜಿಲ್ಲಾ ಪುಟದಲ್ಲಿ ಜಲಾಶಯದ ಹೊರಹರಿವಿನ ಅಂಕಿ ನೋಡುವುದನ್ನು ರೂಢಿ ಮಾಡಿಕೊಳ್ಳಿ. ರೈತರು ನೋಡುವ ಅದೇ ಅಂಕಿ. ಕೊಯ್ನಾದ ಗೇಟು ಎತ್ತಿದರು ಎಂದು ಓದಿದ ದಿನವೇ ಮಹಾರಾಷ್ಟ್ರದ ಆರ್ಡರುಗಳಿಗೆ ತಾರೀಖು ಮುಂದೆ ಹಾಕಿ, ಹಿಂದಿನ ಆರ್ಡರಿನವರಿಗೆ ಸಂದೇಶ ಕಳಿಸಿ. ಪಾರ್ಸೆಲ್ ಇನ್ನೂ ನಿಂತಿರುವುದಿಲ್ಲ, ಗ್ರಾಹಕರಿಗೆ ಆಗಲೇ ಗೊತ್ತಿರುತ್ತದೆ.

ಪುಣೆ, ಮುಂಬೈಗೆ ನಿಪ್ಪಾಣಿ-ಕೊಲ್ಹಾಪುರದ ದಾರಿ ಒಂದೇ ಅಲ್ಲ, ವಿಜಯಪುರ-ಸೊಲ್ಲಾಪುರದ ದಾರಿಯೂ ಇದೆ. ಕೊರಿಯರ್ ಕಂಪನಿ ಯಾವ ದಾರಿ ಹಿಡಿಯುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಆದರೆ ನಿಮ್ಮ ಊರಿನ ಶಾಖೆಯಲ್ಲಿ ಕೇಳಿದರೆ ಅವರ ಗಾಡಿ ಹುಬ್ಬಳ್ಳಿಗೆ ಹೋಗಿ ತಿರುಗುತ್ತದೋ ವಿಜಯಪುರದ ಮೇಲೆ ಹೋಗುತ್ತದೋ ಹೇಳುತ್ತಾರೆ. ಈ ಒಂದು ಪ್ರಶ್ನೆ ಕೇಳುವವರು ಕಡಿಮೆ.

ಹಬ್ಬದ ದಟ್ಟಣೆ ಬೇರೆ ಜಾತಿಯ ತಡ. ದಸರೆಯಿಂದ ದೀಪಾವಳಿಯವರೆಗೆ ದೇಶದ ಎಲ್ಲ ಗೋದಾಮುಗಳೂ ತುಂಬಿರುತ್ತವೆ. ನಮ್ಮಲ್ಲಿ ನಾಗರ ಪಂಚಮಿಗೂ ಸೀರೆ ಹೋಗುತ್ತದೆ, ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಪಂಚಮಿ ಬೀಳುವುದು ಸರಿಯಾಗಿ ಹೊಳೆ ಬರುವ ಕಾಲಕ್ಕೆ. ಪಂಚಮಿಯ ಆರ್ಡರುಗಳನ್ನು ಹಬ್ಬಕ್ಕೆ ಹದಿನೈದು ದಿನ ಇರುವಾಗಲೇ ನಿಲ್ಲಿಸುತ್ತೇನೆ.

5. ಎರಡು ದಾರಿ ಇಟ್ಟುಕೊಳ್ಳಿ, ಒಂದು ಅಂಚೆಯದಾಗಿರಲಿ

ಒಂದೇ ಕೊರಿಯರ್ ನಂಬಿದವರು ಆ ಕೊರಿಯರಿನ ಗೋದಾಮು ತುಂಬಿದ ದಿನ ಮುಳುಗುತ್ತಾರೆ. ನಗರಗಳಿಗೆ ಖಾಸಗಿ ಕೊರಿಯರ್, ಹಳ್ಳಿಗಳಿಗೆ ಅಂಚೆ ಎಂದು ನಾನು ಹಂಚಿದ್ದೇನೆ. ಖಾಸಗಿಯವರು ತಲುಪದ, ಇಲ್ಲವೇ ತಲುಪುತ್ತೇವೆಂದು ಹೇಳಿ ತಾಲ್ಲೂಕು ಕೇಂದ್ರದಲ್ಲಿ ಕೂಡಿಹಾಕುವ ಹಳ್ಳಿಗಳಿಗೂ ಅಂಚೆಯವರು ಹೋಗುತ್ತಾರೆ.

ಸ್ಪೀಡ್ ಪೋಸ್ಟ್ ಬಗ್ಗೆ ತಿಳಿದಿರಬೇಕಾದ ಕೆಲವು ಸಂಗತಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನೊಳಗೇ ಸೇರಿದೆ, ಹಾಗಾಗಿ ಕೌಂಟರಿನಲ್ಲಿ "ರಿಜಿಸ್ಟರ್ ಮಾಡ್ರಿ" ಎನ್ನುವ ಹಳೆಯ ಮಾತಿಗೆ ಈಗ ಅರ್ಥ ಬೇರೆ. ಟ್ರ್ಯಾಕಿಂಗ್ ಸಂಖ್ಯೆ 13 ಅಕ್ಷರದ್ದು: ಮೊದಲು ಎರಡು ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಗೆ ಎರಡು ಅಕ್ಷರ. ಗ್ರಾಹಕರಿಗೆ ಕಳಿಸುವಾಗ ಕೈಯಿಂದ ಟೈಪ್ ಮಾಡಬೇಡಿ, ರಸೀದಿಯ ಫೋಟೊ ಕಳಿಸಿ. ಒಂದು ಅಂಕಿ ತಪ್ಪಿ, ನನ್ನ ಸೀರೆ ಎಲ್ಲೋ ದೂರದ ಊರಿಗೆ ಹೋಗಿದೆಯೆಂದು ಗ್ರಾಹಕರು ರಾತ್ರಿ ಹನ್ನೊಂದಕ್ಕೆ ಅತ್ತದ್ದುಂಟು.

ಪರಿಹಾರದ ವಿಷಯದಲ್ಲಿ ಭ್ರಮೆ ಬೇಡ. ಸ್ಪೀಡ್ ಪೋಸ್ಟ್ ಕಳೆದುಹೋದರೆ ಸಾಮಾನ್ಯವಾಗಿ ಸಿಗುವುದು ಕಟ್ಟಿದ ಶುಲ್ಕದ ಎರಡರಷ್ಟು ಅಥವಾ 1,000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಶುಲ್ಕ 80 ರೂಪಾಯಿ ಆಗಿದ್ದರೆ ಪರಿಹಾರ 160. ನಿಮ್ಮ 2,400ರ ಸೀರೆ ಆ ಲೆಕ್ಕದಲ್ಲಿ ಎಲ್ಲೂ ಇಲ್ಲ. ಆದ್ದರಿಂದ ಬೆಲೆಬಾಳುವ ಸೀರೆಗೆ ಕೌಂಟರಿನಲ್ಲೇ ವಿಮೆ ಕೇಳಿ ಮಾಡಿಸಿ. ಶುದ್ಧ ರೇಷ್ಮೆಯ ಸೀರೆಗೆ, ಕಸೂತಿ ಹಾಕಿದ ಸೀರೆಗೆ ನಾನು ವಿಮೆ ಇಲ್ಲದೆ ಕಳಿಸುವುದಿಲ್ಲ.

ರಾಜ್ಯದೊಳಗೆ ಅವಸರವಿದ್ದರೆ ಸಾರಿಗೆ ಬಸ್ಸಿನ ಪಾರ್ಸೆಲ್ ಮರೆಯಬೇಡಿ. 2021ರಲ್ಲಿ ಶುರುವಾದ ನಮ್ಮ ಕಾರ್ಗೋ ಸೇವೆ ಬಸ್ ನಿಲ್ದಾಣದಿಂದ ಬಸ್ ನಿಲ್ದಾಣಕ್ಕೆ ಸಾಮಾನು ಮುಟ್ಟಿಸುತ್ತದೆ. ಗ್ರಾಹಕರು ನಿಲ್ದಾಣಕ್ಕೆ ಬಂದು ಒಯ್ಯಬೇಕು, ಅದೊಂದು ಕಷ್ಟ. ಕುಬಸ ನಾಡಿದ್ದಿರುವವರು ಖುಷಿಯಿಂದ ಬರುತ್ತಾರೆ.

ವಿಳಾಸದ ಮಾತು ಒಂದಿಷ್ಟು. ನಮ್ಮ ಕಡೆಯ ವಿಳಾಸಗಳು "ಹಣಮಪ್ಪನ ಗುಡಿ ಹಿಂದ, ಗೌಡರ ಮನಿ ಎದರಿಗೆ" ಎಂದಿರುತ್ತವೆ. ಅಂಚೆಯಣ್ಣನಿಗೆ ಇದು ಸಾಕು, ಬೇರೆ ಊರಿನಿಂದ ಬಂದ ಡೆಲಿವರಿ ಹುಡುಗನಿಗೆ ಸಾಲದು. ಹತ್ತಿರದ ಶಾಲೆಯೋ ಬ್ಯಾಂಕೋ ಬರೆಸಿ, ಎರಡನೇ ಫೋನ್ ನಂಬರ್ ಕೇಳಿ. ಪಿನ್ ಕೋಡ್ ನೀವೇ ಒಮ್ಮೆ ತಾಳೆ ನೋಡಿ. ಮೊದಲ ಮೂರು ಅಂಕಿ ಬಾಗಲಕೋಟೆ ಕಡೆಗೆ 587, ವಿಜಯಪುರಕ್ಕೆ 586, ಬೆಳಗಾವಿ ನಗರಕ್ಕೆ 590, ಆ ಜಿಲ್ಲೆಯ ಉಳಿದ ಊರುಗಳಿಗೆ ಹೆಚ್ಚಾಗಿ 591. ಊರು ಜಮಖಂಡಿ ಎಂದಿದ್ದು ಪಿನ್ 586ರಿಂದ ಶುರುವಾದರೆ ಅಲ್ಲೇ ನಿಲ್ಲಿಸಿ ಗ್ರಾಹಕರಿಗೆ ಫೋನ್ ಮಾಡಿ. ಯಂತ್ರ ಓದುವುದು ಅಂಕಿಯನ್ನು, ಊರಿನ ಹೆಸರನ್ನಲ್ಲ.

6. ಹತ್ತು ದಿನ ಗೋದಾಮಿನಲ್ಲಿ ಕೊಳೆಯುತ್ತದೆ ಎಂದುಕೊಂಡೇ ಕಟ್ಟಿ

ಮೂರು ದಿನದ ಪ್ರಯಾಣಕ್ಕೆಂದು ಕಟ್ಟಿದ ಪೊಟ್ಟಣ ಹತ್ತು ದಿನ ತಾಳುವುದಿಲ್ಲ. ಸೀರೆಗೆ ಮೊದಲು ಬಟರ್ ಪೇಪರ್, ಅದರ ಮೇಲೆ ಅಂಟಿಸಿ ಮುಚ್ಚುವ ಪ್ಲಾಸ್ಟಿಕ್ ಕವರ್, ಅದರ ಮೇಲೆ ಗಟ್ಟಿ ಕೊರಿಯರ್ ಕವರ್. ದಿನಪತ್ರಿಕೆ ಸುತ್ತಬೇಡಿ, ತೇವವಾದರೆ ಅಕ್ಷರ ಸೆರಗಿಗೆ ಅಚ್ಚಾಗುತ್ತದೆ. ಗಾಢ ಕೆಂಪು ಸೆರಗಿನ ಬಣ್ಣ ತಿಳಿ ಒಡಲಿಗೆ ತಾಗದಂತೆ ನಡುವೆ ಒಂದು ಹಾಳೆ ಇಡಿ. ಮಳೆಗಾಲದಲ್ಲಿ ಈ ಹಾಳೆಯೇ ನನ್ನ ಎರಡು ಸೀರೆ ಉಳಿಸಿದೆ. ಒಳಗೆ ಗ್ರಾಹಕರ ಹೆಸರು, ಫೋನ್, ನಿಮ್ಮ ಹೆಸರು, ಫೋನ್ ಬರೆದ ಚೀಟಿ ಹಾಕಿ. ಹೊರಗಿನ ಲೇಬಲ್ ಕಿತ್ತುಹೋದ ಪೊಟ್ಟಣಕ್ಕೆ ಅದೊಂದೇ ಗುರುತು.

ಡಬ್ಬಿಯ ಅಳತೆ ಹಣದ ಪ್ರಶ್ನೆ. ಬಹಳಷ್ಟು ಕೊರಿಯರುಗಳು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿ ಬರುವ ತೂಕವನ್ನೂ ನೋಡುತ್ತವೆ. ನಿಜವಾದ ತೂಕಕ್ಕಿಂತ ಅದು ಹೆಚ್ಚಿದ್ದರೆ ಅದಕ್ಕೇ ದುಡ್ಡು. 40, 30, 10 ಸೆಂಟಿಮೀಟರಿನ ಚಂದದ ಉಡುಗೊರೆ ಡಬ್ಬಿಯ ಲೆಕ್ಕ 2.4 ಕೆ.ಜಿ. ಆಗುತ್ತದೆ, ಒಳಗಿನ ಸೀರೆ ಅರ್ಧ ಕೆ.ಜಿ. ಇರಲಿ ಬಿಡಲಿ. 30, 25, 4ರ ಚಪ್ಪಟೆ ಪೊಟ್ಟಣಕ್ಕೆ 0.6 ಕೆ.ಜಿ. ಸಾಮಾನು ಮರಳಿ ಬಂದಾಗ ಇದೇ ದುಡ್ಡು ಎರಡನೇ ಸಲ ಕಟ್ಟಬೇಕು ಎಂಬುದು ತಲೆಯಲ್ಲಿರಲಿ.

ತಿನಿಸಿನವರಿಗೆ ಚಿಕ್ಕದಾಗಿ: ಬೆಲ್ಲ, ಅಂಟು, ಕೊಬ್ಬರಿಯ ಕರದಂಟು ತಡ ತಾಳುತ್ತದೆ. ಖಡಕ್ ರೊಟ್ಟಿ ಕೆಡುವುದಿಲ್ಲ, ಆದರೆ ಪುಡಿಯಾಗುತ್ತದೆ, ಪ್ರತಿ ಗೋದಾಮಿನಲ್ಲೂ ಒಂದೊಂದು ಏಟು. ಹಾಲಿನ ಕುಂದಾವನ್ನು ಮರುದಿನ ಮುಟ್ಟುವ ಖಾತ್ರಿ ಇಲ್ಲದ ಊರಿಗೆ ಕಳಿಸುವುದು ತಪ್ಪು ಎಂದೇ ನನ್ನ ಮತ. ಹಣ ಮರಳಿಸಬಹುದು, ಯಾರದೋ ಮಗುವಿನ ಹೊಟ್ಟೆ ಕೆಟ್ಟರೆ ಏನು ಮಾಡುವುದು?

7. ತಡವಾಯಿತು. ಈಗ?

ಬೆಳಿಗ್ಗೆ ಹತ್ತು ನಿಮಿಷ ಎಲ್ಲ ಪಾರ್ಸೆಲ್‌ಗಳ ಟ್ರ್ಯಾಕಿಂಗ್ ನೋಡುವುದು ನಿತ್ಯದ ಕೆಲಸವಾಗಲಿ, ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವಂತೆ. ಒಂದೇ ಜಾಗದಲ್ಲಿ 48 ಗಂಟೆ ಕೂತದ್ದು ಕಂಡರೆ ಅದು ತಡವಾಗಿದೆ ಎಂದೇ ತಿಳಿಯಿರಿ, ಹೇಳಿದ ತಾರೀಖು ಇನ್ನೂ ಮುಂದಿದ್ದರೂ. ಆಗ ಎರಡು ಕೆಲಸ, ಈ ಕ್ರಮದಲ್ಲಿ.

ಮೊದಲು ಗ್ರಾಹಕರಿಗೆ ಸಂದೇಶ. ಅವರು ಕೇಳುವ ಮೊದಲೇ. ಅವರು ಕೇಳಿದ ಮೇಲೆ ಹೇಳಿದರೆ ಅದೇ ಮಾತು ನೆಪದಂತೆ ಕೇಳಿಸುತ್ತದೆ. ನಾನು ಕಳಿಸುವುದು ಹೀಗಿರುತ್ತದೆ:

"ನಮಸ್ಕಾರ ರೀ. ನಿಮ್ಮ ಸೀರೆ ಸೋಮವಾರ ಇಳಕಲ್ಲಿನಿಂದ ಹೊರಟಿದೆ. ಮಂಗಳವಾರ ರಾತ್ರಿಯಿಂದ ಹುಬ್ಬಳ್ಳಿಯಲ್ಲೇ ನಿಂತಿದೆ. ಇವತ್ತೇ ದೂರು ಕೊಡುತ್ತಿದ್ದೇನೆ, ದೂರಿನ ಸಂಖ್ಯೆ ಸಿಕ್ಕ ಕೂಡಲೇ ಕಳಿಸುತ್ತೇನೆ. ನಾನು ಹೇಳಿದ್ದ 12ನೇ ತಾರೀಖಿಗೆ ಬರುವುದು ಅನುಮಾನ, 15ರೊಳಗೆ ಬರಬಹುದು. ಅಷ್ಟು ದಿನ ಕಾಯಲು ಆಗದಿದ್ದರೆ ಇವತ್ತೇ ಹೇಳಿ, ಹಣ ಮರಳಿಸುತ್ತೇನೆ. ನಾಳೆ ಸಂಜೆ ಮತ್ತೆ ಏನಾಯಿತು ತಿಳಿಸುತ್ತೇನೆ."

ಇದರಲ್ಲಿ ಸೀರೆ ಎಲ್ಲಿದೆ, ನಾನು ಏನು ಮಾಡುತ್ತಿದ್ದೇನೆ, ಹೊಸ ತಾರೀಖು ಯಾವುದು, ಅವರಿಗೆ ಇರುವ ಆಯ್ಕೆ ಏನು, ಮತ್ತೆ ಯಾವಾಗ ಮಾತು ಎಂಬುದಷ್ಟೇ ಇದೆ. "ದಯವಿಟ್ಟು ಸಹಕರಿಸಿ" ಎಂಬ ಮಾತು ಬೇಡ, ಅದು ಕರೆಂಟ್ ಹೋದಾಗ ಬರುವ ಪ್ರಕಟಣೆಯಂತಿದೆ. ಕೊನೆಯ ಸಾಲು ಅತಿ ಮುಖ್ಯ. ನಾಳೆ ಸಂಜೆ ಹೇಳಲು ಹೊಸದೇನೂ ಇಲ್ಲದಿದ್ದರೂ "ಇನ್ನೂ ಅಲ್ಲೇ ಐತ್ರಿ" ಎಂದು ಹೇಳಲೇಬೇಕು. ಒಂದು ಸಂಜೆ ತಪ್ಪಿಸಿದರೆ ಮೊದಲಿನ ಎಲ್ಲ ಸಂದೇಶ ನೀರಿಗೆ ಹೋಯಿತು.

ಹಣ ಮರಳಿಸುತ್ತೇನೆ ಎಂದರೆ ಎಲ್ಲರೂ ಕೇಳಿಬಿಡುತ್ತಾರೆ ಎಂದು ಮೊದಲು ಹೆದರಿದ್ದೆ. ಹಾಗಾಗಲಿಲ್ಲ. ಕೇಳಿದವರು ಬೆರಳೆಣಿಕೆಯವರು, ಬಹುತೇಕ ಒಂದೇ ದಿನದ ಕಾರ್ಯದವರು.

ಎರಡನೆಯದು ದೂರು. ಕೊರಿಯರಿನ ದೂರು ಸಂಖ್ಯೆ ಇಲ್ಲದ ಫೋನ್ ಮಾತಿಗೆ ಬೆಲೆಯಿಲ್ಲ, ಆದ್ದರಿಂದ ಫೋನ್ ಮಾಡಿದರೂ ಆ್ಯಪ್‌ನಲ್ಲೋ ಇಮೇಲ್‌ನಲ್ಲೋ ಬರವಣಿಗೆಯಲ್ಲಿ ಹಾಕಿ. ಅಂಚೆಯದಾದರೆ 1800 266 6868ಕ್ಕೆ ಕರೆ ಮಾಡಬಹುದು, ಜೊತೆಗೆ ಊರಿನ ಪೋಸ್ಟ್ ಮಾಸ್ತರರಿಗೆ ರಸೀದಿ ತೋರಿಸಿ. ಅವರ ಒಂದು ಫೋನ್ ಎಷ್ಟೋ ಸಲ ಹೆಚ್ಚು ಕೆಲಸ ಮಾಡಿದೆ.

"ಗ್ರಾಹಕರು ಮನೆಯಲ್ಲಿರಲಿಲ್ಲ" ಎಂಬ ಟಿಪ್ಪಣಿ ಬಂದರೆ ಅದೇ ದಿನ ಗ್ರಾಹಕರಿಗೆ ಫೋನ್ ಮಾಡಿ. "ನಾವು ಇಡೀ ದಿನ ಮನ್ಯಾಗ ಅದೀವಿ, ಯಾರೂ ಬಂದಿಲ್ರಿ" ಎಂದರೆ, ಅವರ ಫೋನಿನಲ್ಲಿ ಆ ದಿನದ ಕರೆಗಳ ಪಟ್ಟಿಯ ಸ್ಕ್ರೀನ್‌ಶಾಟ್ ಕೇಳಿ ದೂರಿಗೆ ಸೇರಿಸಿ. ಮತ್ತೊಮ್ಮೆ ಕಳಿಸಿ ಎಂಬ ಸೂಚನೆಯನ್ನು ಆ ದಿನವೇ ಕೊಡಬೇಕು. ಎರಡು ಮೂರು ಬಾರಿ ಹೀಗಾದರೆ ಪಾರ್ಸೆಲ್ ನಿಮ್ಮನ್ನು ಕೇಳದೆಯೇ ಮರಳಿ ಹೊರಡುತ್ತದೆ.

8. ಕಾನೂನು ಯಾರ ಕಡೆ

ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮಗಳು 2020ರ ಜುಲೈಯಲ್ಲಿ ಬಂದವು. ಅದರಲ್ಲಿ ಮಾರಾಟಗಾರರಿಗೆ ನೇರವಾಗಿ ತಾಗುವ ಮಾತಿದೆ: ಹೇಳಿದ ಸಮಯಕ್ಕಿಂತ ತಡವಾಗಿ ಮುಟ್ಟಿದ ಸಾಮಾನನ್ನು ಗ್ರಾಹಕರು ಮರಳಿಸಿದರೆ ವಾಪಸು ತೆಗೆದುಕೊಳ್ಳುವುದಿಲ್ಲ, ಹಣ ಕೊಡುವುದಿಲ್ಲ ಎನ್ನುವಂತಿಲ್ಲ. ಪ್ರವಾಹದಂಥ ಕೈಮೀರಿದ ಕಾರಣದಿಂದ ತಡವಾಗಿದ್ದರೆ ಮಾತ್ರ ಇದು ಅನ್ವಯಿಸುವುದಿಲ್ಲ. "ಒಮ್ಮೆ ಮಾರಿದ ಮಾಲು ವಾಪಸು ಇಲ್ಲ" ಎಂದು ಪುಟದ ಮೇಲೆ ಬರೆದುಕೊಂಡರೆ ರಕ್ಷಣೆ ಸಿಗುತ್ತದೆ ಎಂದು ನಂಬಿದವರು ನಮ್ಮಲ್ಲಿ ಬಹಳ.

ನಿಯಮ ಅಳೆಯುವುದು ನೀವು ಹೇಳಿದ ಸಮಯದಿಂದ ಎಂಬುದನ್ನು ಗಮನಿಸಿ. ಉಮೇದಿನಲ್ಲಿ ಹೇಳಿದ "ನಾಲ್ಕು ದಿನ" ನಿಮಗೇ ಉರುಳಾಗುತ್ತದೆ. ಹೊಳೆ ಬಂದ ಕಾರಣ ಹೇಳಬೇಕಾದರೆ ಆ ದಿನದ ಪತ್ರಿಕೆಯ ತುಣುಕು, ರಸ್ತೆ ಬಂದ್ ಆದ ಪ್ರಕಟಣೆ, ಟ್ರ್ಯಾಕಿಂಗಿನ ಸ್ಕ್ರೀನ್‌ಶಾಟ್ ಮೂರೂ ಒಂದು ಕಡತದಲ್ಲಿರಲಿ. ಗ್ರಾಹಕರು ರಾಷ್ಟ್ರೀಯ ಸಹಾಯವಾಣಿ 1915ಕ್ಕೆ ದೂರು ಕೊಟ್ಟರೂ ಇದೇ ಕಡತ ಉತ್ತರವಾಗುತ್ತದೆ. ಅವರು ಅಲ್ಲಿಗೆ ಹೋಗಿದ್ದಾರೆಂದು ಮುನಿಸು ಬೇಡ, ಅದು ಅವರ ಹಕ್ಕು.

9. ಮರಳಿ ಬಂದ ಪೊಟ್ಟಣ

ಒಡೆಯುವ ಮುಂಚೆ ವಿಡಿಯೊ ಶುರು ಮಾಡಿ. ಹೊರಗಿನ ಲೇಬಲ್, ಅಂಟುಪಟ್ಟಿ, ನಾಲ್ಕೂ ಬದಿ ತೋರಿಸಿ, ಒಂದೇ ಓಟದಲ್ಲಿ ಬಿಚ್ಚಿ ಸೀರೆಯನ್ನು ಪೂರ್ತಿ ಹರಡಿ. ನಡುವೆ ನಿಲ್ಲಿಸಿ ಮತ್ತೆ ತೆಗೆದ ವಿಡಿಯೊವನ್ನು ಮಾರುಕಟ್ಟೆ ತಾಣದವರು ಒಪ್ಪುವುದು ಕಷ್ಟ. ನನ್ನ ಪರಿಚಯದ ಒಬ್ಬರಿಗೆ ಕೈಮಗ್ಗದ ಸೀರೆಯ ಬದಲು ಪವರ್‌ಲೂಮ್ ಸೀರೆ ತುಂಬಿ ಮರಳಿಸಿದ್ದರು. ವಿಡಿಯೊ ಇಲ್ಲದೆ ಅವರು ಸಾಬೀತು ಮಾಡಲಾಗಲಿಲ್ಲ. ಅಂದಿನಿಂದ ನಾನು ಕಳಿಸುವಾಗಲೂ ಸೆರಗಿನ ಕೊಂಡಿ ಜಾಗದ ಹತ್ತಿರದ ಫೋಟೊ ತೆಗೆಯುತ್ತೇನೆ. ಪ್ರತಿ ಕೈಮಗ್ಗದ ಸೀರೆಯಲ್ಲಿ ಅದು ಬೇರೆ ಬೇರೆ ಥರ ಇರುತ್ತದೆ, ಹೆಬ್ಬೆಟ್ಟಿನ ಗುರುತಿನಂತೆ.

ತೇವ ತಾಗಿದ್ದರೆ ಬಿಸಿಲಿಗಲ್ಲ, ನೆರಳಿಗೆ ಹರಡಿ. ಪರಿಹಾರ ಕೇಳುವುದಿದ್ದರೆ ಮಾರುಕಟ್ಟೆ ತಾಣದಲ್ಲಿ ಕೊಟ್ಟಿರುವ ಗಡುವು ಅದೇ ದಿನ ನೋಡಿಕೊಳ್ಳಿ.

10. ದುಡ್ಡು ದಾರಿಯಲ್ಲಿ ಸಿಕ್ಕಿಕೊಂಡಾಗ ಮಜೂರಿ

ತಡದ ನಿಜವಾದ ಪೆಟ್ಟು ಬೀಳುವುದು ಇಲ್ಲಿ. ಗ್ರಾಹಕರ ಸಿಟ್ಟು ಒಂದು ದಿನದ್ದು. ನೇಕಾರರ ಮನೆಯ ಸಂತೆ ವಾರ ವಾರ ಬರುತ್ತದೆ. ಹತ್ತು ಸೀರೆ ದಾರಿಯಲ್ಲಿದ್ದು, ಎಲ್ಲವೂ ಮುಟ್ಟಿದ ಮೇಲೆ ಹಣ ಎಂಬ ಲೆಕ್ಕದವಾದರೆ 19,000 ರೂಪಾಯಿ ಲಾರಿಯಲ್ಲಿ ಕೂತಿದೆ ಎಂದರ್ಥ. ಲಾರಿ ನಿಂತರೆ ಮಜೂರಿಯೂ ನಿಲ್ಲುತ್ತದೆ. ಅದು ನಿಲ್ಲಬಾರದು. ತಡ ನನ್ನದೋ ಕೊರಿಯರಿನದೋ, ನೇಯ್ದವರದಂತೂ ಅಲ್ಲ.

ನಾನು ಮಾಡಿಕೊಂಡದ್ದು ಎರಡು. ನೇರ ಆರ್ಡರುಗಳಿಗೆ 300 ರೂಪಾಯಿ ಮುಂಗಡ, ಉಳಿದದ್ದು ಮುಟ್ಟಿದ ಮೇಲೆ. ಹೋಗಿ ಬರುವ ಖರ್ಚು ಇದರಲ್ಲಿ ಮುಚ್ಚುತ್ತದೆ. ಮುಂಗಡ ಕೊಟ್ಟವರು ಬಾಗಿಲಲ್ಲಿ ಬೇಡ ಎನ್ನುವುದೂ ಕಡಿಮೆಯಾಯಿತು. ಎರಡನೆಯದಾಗಿ, ಮಾರಿದ ಪ್ರತಿ ಸೀರೆಯಿಂದ 50 ರೂಪಾಯಿ ಬೇರೆ ಖಾತೆಗೆ. ಆರು ಸೀರೆ ಮಾರಿದರೆ 300, ಒಂದು ಮರಳಿ ಬಂದದ್ದರ 280 ಅಲ್ಲಿಂದಲೇ ಹೋಗುತ್ತದೆ. ಆರರಲ್ಲಿ ಒಂದಕ್ಕಿಂತ ಹೆಚ್ಚು ಮರಳುತ್ತಿದ್ದರೆ 50 ಸಾಲದು. ಆಗ ಖಾತೆಗೆ ದುಡ್ಡು ಹೆಚ್ಚಿಸುವುದಕ್ಕಿಂತ ಮೊದಲು ಮೇಲಿನ ನೋಟ್‌ಬುಕ್ಕು ತೆರೆದು ಯಾವ ಊರಿನವು ಮರಳುತ್ತಿವೆ ನೋಡಿ. ನನ್ನಲ್ಲಿ ಅದು ಎರಡೇ ಪಿನ್ ಕೋಡ್ ಆಗಿತ್ತು. ಆ ಎರಡಕ್ಕೂ ಈಗ ಪೂರ್ತಿ ಹಣ ಮೊದಲೇ, ಅಂಚೆಯಲ್ಲಿ ಮಾತ್ರ.

11. ಅಂಗಡಿ ಮುಚ್ಚುವ ಗುಂಡಿ

ಹೆದ್ದಾರಿ ಬಂದ್ ಆದಾಗ, ಇಲ್ಲವೇ ದಾರಿಯಲ್ಲಿರುವ ಪಾರ್ಸೆಲ್‌ಗಳಲ್ಲಿ ಮೂರರಲ್ಲಿ ಒಂದು ನಿಂತಾಗ ಹೊಸ ಆರ್ಡರ್ ನಿಲ್ಲಿಸಿ. ದೊಡ್ಡ ತಾಣಗಳಲ್ಲಿ ರಜೆಯ ಸೆಟ್ಟಿಂಗ್ ಇರುತ್ತದೆ, ಒತ್ತಿದರೆ ನಿಮ್ಮ ಸಾಮಾನು ಖರೀದಿಗೆ ಕಾಣುವುದಿಲ್ಲ, ಈಗಾಗಲೇ ಬಂದ ಆರ್ಡರುಗಳನ್ನು ಮಾತ್ರ ಮುಗಿಸಬೇಕು. ಇನ್‌ಸ್ಟಾಗ್ರಾಂನಲ್ಲಿ ಒಂದು ಸಾಲು ಸಾಕು: "ಹೊಳೆ ಬಂದೈತ್ರಿ, 20ನೇ ತಾರೀಖಿನ ತನಕ ಆರ್ಡರ್ ತಗೊಳ್ಳಂಗಿಲ್ಲ. ಬೇಕಾದ ಸೀರಿ ಹೇಳಿಟ್ಟಿರ್ರಿ, ತೆಗೆದಿಡ್ತೀನಿ." ಮುಚ್ಚಿದ ದಿನಗಳಲ್ಲಿ ಫೋಟೊ ತೆಗೆಯಿರಿ, ಲೆಕ್ಕ ಬರೆಯಿರಿ, ನೇಕಾರರ ಮನೆಗೆ ಹೋಗಿ ಮಗ್ಗದ ಮೇಲೆ ಏನಿದೆ ನೋಡಿ ಬನ್ನಿ.

ಮತ್ತೆ ತೆರೆಯುವ ದಿನ ಮೊದಲ ಆರ್ಡರನ್ನು ಹತ್ತಿರದ ಊರಿಗೆ ಕಳಿಸಿ, ಅದು ಮುಟ್ಟುವ ತನಕ ದೂರದವರಿಗೆ ತಾರೀಖು ಹೇಳಬೇಡಿ. ಕಳೆದ ಮಳೆಗಾಲದಲ್ಲಿ ನಾನು ಮೊದಲು ಕಳಿಸಿದ್ದು ಹುನಗುಂದಕ್ಕೆ. ಅಷ್ಟು ಹತ್ತಿರದ ಊರಿಗೆ ಮೂರು ದಿನ ಹಿಡಿಯಿತು. ಪುಣೆಯವರಿಗೆ ಇನ್ನೊಂದು ವಾರ ಬಿಟ್ಟು ಹೇಳಿದೆ.